ಬನ್ನಿ ಅಂತ ತಂದದ್ದು ಬಳ್ಳಾರಿ ಜಾಲಿ: ನಮ್ಮ ಸುತ್ತಲಿನ ಗಿಡಗಳ ತವರು ಹುಡುಕುವುದು ಹೇಗೆ?

ಎರಡು ವರ್ಷದ ಹಿಂದಿನ ವಿಜಯದಶಮಿ. ಬೆಳಿಗ್ಗೆ ಪೇಟೆಗೆ ಹೋದವನು ಹೂವು, ಬೂದುಗುಂಬಳ, ಬಾಳೆಕಂದಿನ ಜೊತೆ ಒಂದು ಕಟ್ಟು ಬನ್ನಿ ಸೊಪ್ಪನ್ನೂ ತಂದೆ. ದಸರಾ ನೋಡಲೆಂದು ಶ್ರೀರಂಗಪಟ್ಟಣದ ಕಡೆಯ ಹಳ್ಳಿಯಿಂದ ಬಂದಿದ್ದ ದೊಡ್ಡವ್ವ ಕಟ್ಟು ಬಿಚ್ಚಿ, ಒಂದು ಕಡ್ಡಿ ಎತ್ತಿ ಕಣ್ಣ ಹತ್ತಿರ ಹಿಡಿದು ನೋಡಿ ನಕ್ಕಳು. "ಇದ್ಯಾವ ಬನ್ನಿ ತಂದ್ಯೋ ಮಗ? ನಮ್ಮೂರ ಕೆರೆ ಏರಿ ಮ್ಯಾಲೆ ಬೇಕಾದಷ್ಟು ಐತೆ. ಬಳ್ಳಾರಿ ಜಾಲಿ ಕಣ್ಲಾ ಇದು."

ನಾನು ಒಪ್ಪಲಿಲ್ಲ. ಎಲೆ ನೋಡಿದರೆ ಬನ್ನಿಯದೇ. ನಡುವೆ ಒಂದು ಕಡ್ಡಿ, ಅಕ್ಕಪಕ್ಕ ಜೋಡಿ ಜೋಡಿಯಾಗಿ ಹುಣಸೆ ಎಲೆಯಂಥ ಪುಟಾಣಿ ಎಲೆಗಳು. ಆದರೆ ದೊಡ್ಡವ್ವ ಎಲೆಯ ಕಡೆ ನೋಡಿರಲೇ ಇಲ್ಲ. ಅವಳು ನೋಡಿದ್ದು ಮುಳ್ಳನ್ನು.

ಕಬ್ಬು ಕಂಡವರಿಗೆಲ್ಲ ಗೆಣ್ಣು ಗೊತ್ತು. ಎಲ್ಲ ಗಿಡದ ಕಡ್ಡಿಗೂ ಹಾಗೇ ಗೆಣ್ಣುಗಳಿವೆ. ಎಲೆ ಹುಟ್ಟುವುದು ಅಲ್ಲಿಂದ. ಬಳ್ಳಾರಿ ಜಾಲಿಯ ಮುಳ್ಳು ಹುಟ್ಟುವುದೂ ಅಲ್ಲಿಂದಲೇ. ಎಲೆಯ ಬುಡದಲ್ಲಿ, ಹೆಚ್ಚಾಗಿ ಎರಡೆರಡು, ಉದ್ದ, ಗಟ್ಟಿ. ಚಪ್ಪಲಿ ಹಾಯ್ದು ಪಾದಕ್ಕೆ ನಾಟುವಂಥವು. ಬನ್ನಿಯ ಮುಳ್ಳು ಗೆಣ್ಣನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಎರಡು ಗೆಣ್ಣುಗಳ ನಡುವೆ ಎಲ್ಲೆಂದರಲ್ಲಿ, ಒಂದೊಂದೇ, ಬುಡ ಅಗಲವಾಗಿ ತುದಿ ಚೂಪಾಗಿ, ಗುಲಾಬಿ ಗಿಡದ ಮುಳ್ಳಿನ ಹಾಗೆ ತೊಗಟೆಯ ಮೇಲೆ ಎದ್ದಿರುತ್ತದೆ. ಅರ್ಧ ಸೆಂಟಿಮೀಟರ್ ದಾಟುವುದು ಅಪರೂಪ. ಕಾಯಿ ಬಿಟ್ಟಾಗಂತೂ ಅನುಮಾನವೇ ಉಳಿಯುವುದಿಲ್ಲ. ಬಳ್ಳಾರಿ ಜಾಲಿಯದು ಹುರುಳಿಕಾಯಿಯಂತೆ ಚಪ್ಪಟೆ, ದಪ್ಪ, ಹಣ್ಣಾದಾಗ ಹುಲ್ಲಿನ ಹಳದಿ. ದನ ಮೇಕೆಗಳಿಗೆ ಪಂಚಪ್ರಾಣ. ಬನ್ನಿಯದು ಸಣಕಲು, ದುಂಡು, ದಾರದಂತೆ ಜೋತುಬಿದ್ದ ಕಾಯಿ.

ಎರಡನ್ನೂ ಸಸ್ಯವಿಜ್ಞಾನಿಗಳು ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಿ ಆ ಕುಲವನ್ನು ಒಡೆದರು. ಬನ್ನಿ ಪ್ರೊಸೋಪಿಸ್ ಆಗಿಯೇ ಉಳಿಯಿತು, ಬಳ್ಳಾರಿ ಜಾಲಿ ನೆಲ್ಟುಮಾ ಎಂಬ ಬೇರೆ ಮನೆಗೆ ಹೋಯಿತು. ದೊಡ್ಡವ್ವನಿಗೆ ಇದನ್ನು ಹೇಳಿದ್ದರೆ, ಇಷ್ಟು ದಿನ ಏನು ಮಾಡ್ತಿದ್ರು ಅವರು ಅಂತ ಕೇಳುತ್ತಿದ್ದಳೇನೋ.

ಆ ದಿನದಿಂದ ನನಗೊಂದು ಚಟ ಹತ್ತಿದೆ. ಚಾಮುಂಡಿಬೆಟ್ಟದ ಮೆಟ್ಟಿಲ ಪಕ್ಕ, ಕುಕ್ಕರಹಳ್ಳಿ ಕೆರೆಯ ದಂಡೆ, ನಾಲೆ ಏರಿ, ಕರಿಘಟ್ಟದ ತಪ್ಪಲು, ಎಲ್ಲಿ ಹೋದರೂ ಗಿಡ ಕಂಡ ಕೂಡಲೇ ಇದು ನಮ್ಮದೋ, ಹೊರಗಿಂದ ಬಂದದ್ದೋ ಎಂದು ನೋಡುವುದು. ಸುಲಭ ಅಂದುಕೊಂಡಿದ್ದೆ. ಅಲ್ಲ. ನಾವು ನಂಬುವ ಗುರುತುಗಳೇ ಮೊದಲು ದಾರಿ ತಪ್ಪಿಸುತ್ತವೆ.

ನಮ್ಮದು ಅಂದರೆ ಯಾರದು?

ಮನುಷ್ಯರ ನೆರವಿಲ್ಲದೆ, ಗಾಳಿಯೋ ನೀರೋ ಹಕ್ಕಿಯೋ ತಂದು ಹಾಕಿ, ಇಲ್ಲವೇ ಅಲ್ಲೇ ವಿಕಾಸವಾಗಿ ಒಂದು ಪ್ರದೇಶದಲ್ಲಿ ನೆಲೆಸಿದ ಗಿಡ ಅಲ್ಲಿನ ದೇಸಿ ಗಿಡ. ಮನುಷ್ಯ ಬೇಕೆಂದು ತಂದು ನೆಟ್ಟದ್ದು, ಕಾಳಿನ ಮೂಟೆಯಲ್ಲೋ ಹಡಗಿನ ಮಣ್ಣಿನಲ್ಲೋ ಗೊತ್ತಿಲ್ಲದೆ ಬಂದದ್ದು ಹೊರಗಿನದು. ಇಲ್ಲಿ ಪ್ರದೇಶ ಎಂದರೆ ಜಿಲ್ಲೆಯ ಗಡಿಯಲ್ಲ. ಮಂಡ್ಯ 1939ರವರೆಗೆ ಮೈಸೂರು ಜಿಲ್ಲೆಯೇ ಆಗಿತ್ತು, ಚಾಮರಾಜನಗರ ಬೇರೆಯಾದದ್ದು 1997ರಲ್ಲಿ. ಸಸ್ಯವಿಜ್ಞಾನಿಗಳಾದ ಆರ್.ಆರ್. ರಾವ್ ಮತ್ತು ಬಿ.ಎ. ರಜಿ ಮೈಸೂರು ಜಿಲ್ಲೆಯ ಸಸ್ಯಗಳ ಬಗ್ಗೆ 1981ರಲ್ಲಿ ಗ್ರಂಥ ಹೊರತಂದಾಗ ಬಿಳಿಗಿರಿರಂಗನ ಬೆಟ್ಟವೂ ಮೈಸೂರು ಜಿಲ್ಲೆಯಲ್ಲೇ ಇತ್ತು. ಗಿಡಕ್ಕೆ ಇದ್ಯಾವುದೂ ಸಂಬಂಧವಿಲ್ಲ. ಅದಕ್ಕೆ ಬೇಕಾದದ್ದು ಮಣ್ಣು, ಮಳೆ, ಬೇಸಿಗೆಯ ಉದ್ದ. ಹಾಗೆ ನೋಡಿದರೆ ನಮ್ಮದು ಬೇಸಿಗೆಯಲ್ಲಿ ಎಲೆ ಉದುರಿಸುವ ಮರಗಳ, ಮುಳ್ಳು ಪೊದೆಗಳ ಸೀಮೆ. ಕಕ್ಕೆ, ಮುತ್ತುಗ, ಕರಿಜಾಲಿ, ತಂಗಡಿ, ಕಾರೆ, ಕವಳೆ, ಬಂದರಿಕೆ, ಲಕ್ಕಿ, ಎಕ್ಕ. ಬಂಡೆಗಳ ಸಂದಿಯಲ್ಲಿ ಮಾಗಳಿ ಬೇರಿನ ಬಳ್ಳಿ. ಇದರ ಉಪ್ಪಿನಕಾಯಿ ತಿಂದವರಿಗೆ ಹೆಚ್ಚು ಹೇಳಬೇಕಿಲ್ಲ. ಈ ಬಳ್ಳಿ ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಎಕ್ಕ ಹಾಗಲ್ಲ, ನಮ್ಮಲ್ಲೂ ಇದೆ, ಆಗ್ನೇಯ ಏಷ್ಯಾದಲ್ಲೂ ಇದೆ. ಎರಡೂ ದೇಸಿಯೇ. ಆದರೆ ಮಾಗಳಿ ಇಲ್ಲಿ ಮುಗಿದರೆ ಲೋಕದಲ್ಲೇ ಮುಗಿಯಿತು.

ಬನ್ನಿಯನ್ನೇ ತೆಗೆದುಕೊಳ್ಳಿ. ಭಾರತದ ಮರ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅದು ತಾನಾಗಿ ಹರಡಿ ನಿಂತಿರುವುದು ರಾಜಸ್ಥಾನ, ಗುಜರಾತಿನಂಥ ಒಣ ಬಯಲಲ್ಲಿ. ಖೇಜ್ರಿ ಎಂಬ ಹೆಸರಲ್ಲಿ ಅದು ರಾಜಸ್ಥಾನದ ರಾಜ್ಯವೃಕ್ಷ. ನಮ್ಮ ಕಡೆ ಅದು ಹೆಚ್ಚಾಗಿ ಕಾಣುವುದು ಗುಡಿಯ ಮುಂದೆ, ಬನ್ನಿ ಮಂಟಪದ ಬಳಿ, ಕಟ್ಟೆ ಕಟ್ಟಿಸಿಕೊಂಡು. ದೇಶಕ್ಕೆ ದೇಸಿಯಾದ ಗಿಡ ಊರಿಗೂ ದೇಸಿಯಾಗಿರಲೇಬೇಕು ಅಂತ ಇಲ್ಲ. 'ಇದು ಇಂಡಿಯಾದ್ದೇ' ಎನ್ನುವ ಉತ್ತರಕ್ಕೆ ನಿಲ್ಲದೆ 'ಇಂಡಿಯಾದಲ್ಲಿ ಎಲ್ಲಿಯದು' ಅಂತ ಕೇಳುವುದು ಒಳ್ಳೆಯದು.

ಹೆಸರು ಎಷ್ಟು ಹೇಳುತ್ತದೆ, ಎಷ್ಟು ಬಚ್ಚಿಡುತ್ತದೆ

ಕನ್ನಡ ಕೆಲವು ಕಡೆ ನಮಗೆ ಪುಕ್ಕಟೆ ಸುಳಿವು ಕೊಟ್ಟಿದೆ. ಹಳೇ ಮೈಸೂರಿನ ಬಾಯಲ್ಲಿ ಸಮುದ್ರ ದಾಟಿ ಬಂದದ್ದಕ್ಕೆಲ್ಲ 'ಸೀಮೆ' ಸೇರಿಕೊಳ್ಳುತ್ತದೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಬೇಲಿಯಲ್ಲಿ ಸುರುಳಿ ಸುರುಳಿ ಕಾಯಿ ಬಿಟ್ಟು, ಶಾಲೆ ಮಕ್ಕಳ ಕೈಲಿ ಕಲ್ಲು ಹೊಡೆಸಿಕೊಳ್ಳುವ ಸೀಮೆಹುಣಸೆ ಮೆಕ್ಸಿಕೋ ಕಡೆಯದು. ಪಪ್ಪಾಯಕ್ಕೆ ನಾವು ಇವತ್ತಿಗೂ ಪರಂಗಿ ಹಣ್ಣು ಅಂತೀವಿ. ಪರಂಗಿಯವರು, ಅಂದರೆ ಪೋರ್ಚುಗೀಸರು, ತಂದದ್ದು ಅಂತ ಹೆಸರೇ ಸಾಕ್ಷಿ ಹೇಳುತ್ತದೆ.

ಆದರೆ ಊರಿನ ಹೆಸರು ಕೂಡಿಕೊಂಡಿದ್ದರೆ ಹುಷಾರಾಗಿರಬೇಕು. ಬಳ್ಳಾರಿ ಜಾಲಿ ಬಳ್ಳಾರಿಯದಲ್ಲ. 1870ರ ದಶಕದಲ್ಲಿ, ಒಣಭೂಮಿಗೆ ಹಸಿರು ಮತ್ತು ಸೌದೆ ಬೇಕೆಂದು ಅಮೆರಿಕ ಖಂಡದಿಂದ ತರಿಸಿದ್ದು. ಬಯಲುಸೀಮೆಯಲ್ಲಿ ಮೊದಲು ಮೆರೆದು ಆಮೇಲೆ ನಮ್ಮ ಕಡೆಗೆ ಬಂದದ್ದರಿಂದ ಬಂದ ದಾರಿಯ ಹೆಸರು ಅಂಟಿಕೊಂಡಿರಬೇಕು. ನೀಲಗಿರಿ ಮರ ಆಸ್ಟ್ರೇಲಿಯಾದ್ದು. ಹೆಣ್ಣುಮಗಳನ್ನು ಗಂಡನ ಊರಿನ ಹೆಸರಿಂದ ಕರೆದ ಹಾಗೆ ಇವೆಲ್ಲ. ತವರು ಬೇರೆಯೇ.

ಇನ್ನೊಂದು ಬಗೆಯ ಮೋಸ ಇದಕ್ಕಿಂತ ಸೂಕ್ಷ್ಮ. ಹೊಸಬ ಹಳಬನ ಹೆಸರನ್ನೇ ಹೊದ್ದು ಕೂರುವುದು. ಮೆಣಸು ನಮ್ಮ ಘಟ್ಟದ ಬಳ್ಳಿ. ಅಮೆರಿಕದಿಂದ ಖಾರದ ಕಾಯಿ ಬಂದಾಗ ಅದು 'ಮೆಣಸಿನಕಾಯಿ' ಆಯಿತು. ಕೆರೆಯಲ್ಲಿ ಎಲೆಕೋಸಿನ ಪುಟ್ಟ ಗೆಡ್ಡೆಯಂತೆ ತೇಲುವ ಗಿಡಕ್ಕೆ ಅಂತರಗಂಗೆ ಎಂಬ ಹೆಸರಿತ್ತು. ಅಮೆಜಾನ್ ನದಿಯ ಕಡೆಯಿಂದ ಬಂದು, ನೇರಳೆ ಹೂ ಬಿಟ್ಟು, ಉಬ್ಬಿದ ತೊಟ್ಟಿನ ಮೇಲೆ ತೇಲುತ್ತ ಕೆರೆಗೆ ಕೆರೆಯನ್ನೇ ಮುಚ್ಚುವ ಗಿಡಕ್ಕೂ ಈಗ ಜನ ಅದೇ ಹೆಸರು ಕರೆಯುತ್ತಾರೆ.

ಲ್ಯಾಟಿನ್ ಹೆಸರಾದರೂ ನೆಟ್ಟಗಿರುತ್ತದೆಯೇ ಎಂದರೆ ಅದೂ ಇಲ್ಲ. ಅಗೇವ್ ಅಮೆರಿಕಾನ ಎಂಬ ಕತ್ತಾಳೆ ಅಮೆರಿಕದ್ದೇ. ಬೀಳು ಹೊಲದಲ್ಲಿ ಹಳದಿ ಹೂ ಬಿಟ್ಟು, ಮುರಿದರೆ ಹಳದಿ ರಸ ಸುರಿಸುವ ಮುಳ್ಳೆಲೆಯ ಅರಿಶಿನ ಉಮ್ಮತ್ತಿ ಆರ್ಜಿಮೋನ್ ಮೆಕ್ಸಿಕಾನ, ಅದೂ ಸರಿಯೇ. ಆದರೆ 'ಇಂಡಿಕ' ಎಂದು ಕೊನೆಯಾದ ಕೂಡಲೇ ಎದೆಯುಬ್ಬಿಸಬೇಡಿ. ಹುಣಸೆಯ ಶಾಸ್ತ್ರೀಯ ಹೆಸರು ಟ್ಯಾಮರಿಂಡಸ್ ಇಂಡಿಕ. ಟ್ಯಾಮರಿಂಡ್ ಎನ್ನುವುದೇ 'ಹಿಂದ್‌ನ ಖರ್ಜೂರ' ಎಂಬ ಅರಬ್ಬಿ ಮಾತಿನಿಂದ ಬಂದದ್ದು. ಇಷ್ಟಿದ್ದೂ ಹುಣಸೆಯ ತವರು ಆಫ್ರಿಕಾ. ಹೆಸರಲ್ಲೇ ಹುಣಸೆ ಕೇಳಿಸುವ ಹುಣಸೂರಿನವರು ಬೇಸರ ಮಾಡಿಕೊಳ್ಳಬಾರದು.

ಹಾಗಾದರೆ ಹುಣಸೆ ಹೊರಗಿನದೇ? ಇಲ್ಲಿ ಕಾಲದ ಲೆಕ್ಕ ಬರುತ್ತದೆ. ಹುಣಸೆ ಬಂದು ಸಾವಿರಾರು ವರ್ಷಗಳಾದವು. ಮಂಡ್ಯದ ಮುದ್ದೆಗೆ ಮೂಲವಾದ ರಾಗಿಯೂ ಆಫ್ರಿಕಾದ ಪೂರ್ವದ ಎತ್ತರದ ನಾಡುಗಳಿಂದ ಹಾಗೇ ಬಹಳ ಹಿಂದೆ ಬಂದದ್ದು. ಸಸ್ಯವಿಜ್ಞಾನಿಗಳು ಸಾಮಾನ್ಯವಾಗಿ 1500ರ ಸುಮಾರಿಗೆ ಒಂದು ಗೆರೆ ಎಳೆಯುತ್ತಾರೆ. ಕೊಲಂಬಸ್ ಅಮೆರಿಕ ಮುಟ್ಟಿದ್ದು 1492ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅದಕ್ಕೆ ಮುಂಚಿನವರು ಹಳೆಯ ವಲಸಿಗರು. ಆಮೇಲಿನವರು ಹೊಸಬರು. ಇವತ್ತು ನಾವು ರಸ್ತೆ ಬದಿಯಲ್ಲಿ ನೋಡುವ ಹೊರಗಿನ ಕಳೆಗಳಲ್ಲಿ ಬಹುಪಾಲು ಈ ಹೊಸಬರ ಗುಂಪಿನವು, ಅದರಲ್ಲೂ ಅಮೆರಿಕದ ಉಷ್ಣವಲಯದವು.

ಬಳಕೆಯೂ ಸಾಕ್ಷಿಯಲ್ಲ. ಮುಟ್ಟಿದರೆ ಮುನಿ ಎಂಬಷ್ಟು ಚೆಂದದ ಕನ್ನಡ ಹೆಸರು ಯಾವ ಗಿಡಕ್ಕಿದೆ ಹೇಳಿ? ಆ ಗಿಡವೂ ಅಮೆರಿಕದ್ದೇ. ಗಾಯಕ್ಕೆ ಹಿಂಡಲು ನಮ್ಮ ಅಜ್ಜಿಯರು ಕಿತ್ತು ತರುತ್ತಿದ್ದ, ಹಳದಿ ನಡುವಿಗೆ ನಾಲ್ಕೈದು ಬಿಳಿ ಎಸಳಿನ ಟ್ರೈಡಾಕ್ಸ್ ಕೂಡ. ಆ ಬಿಳಿ ಎಸಳನ್ನು ಹತ್ತಿರದಿಂದ ನೋಡಿ, ತುದಿಯನ್ನು ಯಾರೋ ಕಚ್ಚಿ ಮೂರು ಹಲ್ಲು ಮಾಡಿದಂತಿರುತ್ತದೆ. ಮೂರು ಕಚ್ಚು ಎನ್ನುವುದೇ ಅದರ ಗ್ರೀಕ್ ಹೆಸರಿನ ಅರ್ಥ.

ಬಳಕೆಗಿಂತ ಗಟ್ಟಿಯಾದ ಒಂದು ಹಳೆಯ ಪಟ್ಟಿ ನಮ್ಮ ಮನೆಗಳಲ್ಲೇ ಇದೆ. ಗಣೇಶನ ಹಬ್ಬದ 21 ಪತ್ರೆ. ಎಕ್ಕ, ಉತ್ತರಾಣಿ, ಲಕ್ಕಿ, ಎಲಚಿ, ಮತ್ತಿ, ಬನ್ನಿ, ಬಿಲ್ವ, ಗರಿಕೆ. ಇದರಲ್ಲಿ ಅಮೆರಿಕದಿಂದ ಬಂದ ಕಳೆಗಳಾದ ಲಂಟಾನ ಇಲ್ಲ, ಪಾರ್ಥೇನಿಯಂ ಇಲ್ಲ. ಪಟ್ಟಿ ಮಾಡಿದ ಕಾಲಕ್ಕೆ ಅವು ಇರಲಿಲ್ಲ. ಆದರೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಅದೇ ಪಟ್ಟಿಯಲ್ಲಿರುವ ದಾಳಿಂಬೆ ಇರಾನಿನ ಕಡೆಯಿಂದ ಬಂದ ಹಳೆಯ ವಲಸಿಗ.

ಮೈ ನೋಡಿ ಕುಲ, ಕುಲ ನೋಡಿ ತವರು

ಹೆಸರು ಕೈ ಕೊಟ್ಟಾಗ ಉಳಿಯುವುದು ಗಿಡದ ಮೈ. ಒಂದು ಗಿಡ ಯಾವ ಕುಟುಂಬದ್ದು ಎಂದು ಗೊತ್ತಾದರೆ, ಆ ಕುಟುಂಬ ಲೋಕದಲ್ಲಿ ಎಲ್ಲೆಲ್ಲಿ ಹಬ್ಬಿದೆ ಎನ್ನುವುದು ತವರಿನ ಬಗ್ಗೆ ಬಹಳ ಹೇಳುತ್ತದೆ.

ಇದಕ್ಕೆ ಕಳ್ಳಿಯಷ್ಟು ಸ್ವಚ್ಛವಾದ ಉದಾಹರಣೆ ಇನ್ನೊಂದಿಲ್ಲ. ಪಾಪಾಸುಕಳ್ಳಿ ಕ್ಯಾಕ್ಟಸ್ ಕುಟುಂಬದ್ದು. ಈ ಕುಟುಂಬದ ತವರು ಅಮೆರಿಕ ಖಂಡಗಳು. ಆಫ್ರಿಕಾ ಮತ್ತು ಶ್ರೀಲಂಕಾಕ್ಕೆ ತಾನಾಗಿ ತಲುಪಿದ ಒಂದೇ ಒಂದು ಜಾತಿ ಇದೆ, ಅದು ಮರದ ಮೇಲೆ ಜೋತಾಡುವ ಮುಳ್ಳಿಲ್ಲದ ಗಿಡ, ನಮ್ಮ ಬೇಲಿಗೆ ಸಂಬಂಧವಿಲ್ಲ. ಅಂದರೆ ಮೈಸೂರು ಸೀಮೆಯ ಬಯಲಲ್ಲಿ ಕಂಡ ಯಾವ ಕ್ಯಾಕ್ಟಸ್ಸೂ ಹೊರಗಿನದೇ. ಪುಸ್ತಕ ತೆರೆಯಬೇಕಿಲ್ಲ. ಆದರೆ ಕರಿಘಟ್ಟ, ಮೇಲುಕೋಟೆಯ ಬಂಡೆಗಳ ನಡುವೆ ಮೂರು ನಾಲ್ಕು ಏಣಿನ, ದಪ್ಪ ಹಸಿರು ಕಾಂಡದ ಚದುರಗಳ್ಳಿ ನಿಂತಿರುತ್ತದಲ್ಲ, ಅದು ಕ್ಯಾಕ್ಟಸ್ ಅಲ್ಲ. ಅದು ಯೂಫೋರ್ಬಿಯ ಎಂಬ ಬೇರೆ ಕುಲದ್ದು, ದೇಸಿ. ಹೇಗೆ ಗೊತ್ತಾಗಬೇಕು? ಒಂದು, ಮುಳ್ಳು. ಚದುರಗಳ್ಳಿಯ ಏಣಿನ ಮೇಲೆ ಮುಳ್ಳು ಎರಡೆರಡು. ಪಾಪಾಸುಕಳ್ಳಿಯದು ಒಂದು ಮೆತ್ತನೆ ಚುಕ್ಕೆಯಿಂದ ಗೊಂಚಲಾಗಿ ಎದ್ದಿರುತ್ತದೆ. ಎರಡು, ಹಾಲು. ಚದುರಗಳ್ಳಿ ಗಾಯವಾದರೆ ಬಿಳಿ ಹಾಲು ಸುರಿಸುತ್ತದೆ. ಪಾಪಾಸುಕಳ್ಳಿಯಲ್ಲಿ ಬರೀ ಲೋಳೆನೀರು. ಕಳ್ಳಿ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಪರೀಕ್ಷೆಗೆಂದು ಮುರಿಯಲು ಹೋಗಬೇಡಿ. ಮುಳ್ಳು ನೋಡಿದರೆ ಸಾಕು.

ಇಷ್ಟು ಸಲೀಸು ಎಲ್ಲ ಕಡೆ ನಡೆಯುವುದಿಲ್ಲ. ಸೂರ್ಯಕಾಂತಿ ಕುಟುಂಬಕ್ಕೆ ಬಂದರೆ ದೇಸಿ ಮತ್ತು ಪರದೇಶಿ ಒಂದೇ ಬದುವಿನಲ್ಲಿ ಭುಜ ತಾಗಿಸಿ ನಿಂತಿರುತ್ತವೆ. ಮಳೆಗಾಲ ಕಳೆಯುತ್ತಿದ್ದಂತೆ ಮಂಡ್ಯದ ಯಾವುದೇ ಬದುವಿನಲ್ಲಿ ಮೊಣಕಾಲೆತ್ತರದ, ಗುಂಡುಸೂಜಿ ತಲೆಯಷ್ಟು ನೇರಳೆ ಹೂಗಳ ಎರಡು ಗಿಡ ಸಿಗುತ್ತವೆ. ಒಂದು ಸಹದೇವಿ, ನಮ್ಮದು. ಇನ್ನೊಂದು ಅಜೆರಾಟಮ್, ಅಮೆರಿಕದ್ದು. ಎಲೆ ಕಡ್ಡಿಗೆ ಹೇಗೆ ಕೂತಿದೆ ನೋಡಿ. ಅಜೆರಾಟಮ್‌ನಲ್ಲಿ ಎಲೆಗಳು ಎದುರುಬದುರು, ಎರಡು ಕೈ ಚಾಚಿದಂತೆ. ಸಹದೇವಿಯಲ್ಲಿ ಒಂದು ಈ ಕಡೆ, ಇನ್ನೊಂದು ಸ್ವಲ್ಪ ಮೇಲೆ ಆ ಕಡೆ. ಅಜೆರಾಟಮ್ ಎಲೆ ಉಜ್ಜಿದರೆ ಹೋತದ ವಾಸನೆ. ಸಹದೇವಿಯ ಹೂ ಮಾಗಿದರೆ ಬೆಳ್ಳನೆ ನಯ ಕೂದಲ ಬೀಜ ಗಾಳಿಗೆ ಹಾರುತ್ತದೆ. ಎಲೆಯ ಜೋಡಣೆ ನೋಡುವುದೊಂದು ಅಭ್ಯಾಸವಾದರೆ ಅರ್ಧ ಕೆಲಸ ಮುಗಿದ ಹಾಗೆ. ಫೋನಿನಲ್ಲಿ ಫೋಟೋ ತೆಗೆದು ಹೆಸರು ಕೇಳುವ ಆ್ಯಪ್‌ಗಳು ಎಡವುವುದೂ ಹೆಚ್ಚಾಗಿ ಇಂಥಲ್ಲೇ, ಏಕೆಂದರೆ ನಾವೆಲ್ಲ ಹೂವಿನ ಫೋಟೋ ತೆಗೆಯುತ್ತೇವೆ, ಎಲೆಯ ಬುಡದ್ದಲ್ಲ.

ಕಾಡಂಚಿನಲ್ಲಿ ಈಗ ಇನ್ನೊಂದು ಜೋಡಿ ಮುಖ್ಯವಾಗಿದೆ. ಕಕ್ಕೆಯನ್ನು ಎಲ್ಲರೂ ಬಲ್ಲರು. ಏಪ್ರಿಲ್–ಮೇ ಬಿಸಿಲಲ್ಲಿ ಎಲೆ ಉದುರಿದ ಮರದಿಂದ ಹಳದಿ ಹೂಮಾಲೆ ಕೆಳಕ್ಕೆ ಇಳಿಬಿದ್ದಿರುತ್ತದೆ. ನಾಗರಹೊಳೆ, ಬಂಡೀಪುರದ ಕಡೆ ಮಳೆಗಾಲದ ಕೊನೆಗೆ ಹಳದಿ ಹೂ ಬಿಟ್ಟ ಮರ ಕಂಡು 'ಕಕ್ಕೆ ಈ ಸಲ ತಡವಾಯಿತು' ಅಂದುಕೊಂಡರೆ ಅದು ಸೆನ್ನಾ ಸ್ಪೆಕ್ಟಾಬಿಲಿಸ್, ಅಮೆರಿಕದಿಂದ ಅಲಂಕಾರಕ್ಕೆಂದು ತಂದ ಮರ. ಅದರ ಹೂಗೊಂಚಲು ಕೆಳಗೆ ಜೋಲುವುದಿಲ್ಲ, ಮೇಲಕ್ಕೆ ನೆಟ್ಟಗೆ ನಿಲ್ಲುತ್ತದೆ. ಕಕ್ಕೆಯ ಕಿರುಎಲೆ ಅಂಗೈಯಷ್ಟು ಉದ್ದ, ಒಂದು ಎಲೆಯಲ್ಲಿ ನಾಲ್ಕರಿಂದ ಎಂಟು ಜೋಡಿ. ಇದರದು ಸಣ್ಣವು, ಹತ್ತು ದಾಟಿದ ಜೋಡಿ. ಕಡಿದರೆ ಬುಡದಿಂದ ಹತ್ತಾರು ಚಿಗುರು ಹೊಡೆಯುತ್ತದೆ. ಜಿಂಕೆ, ಆನೆಗೆ ಅದರ ಸೊಪ್ಪು ಬೇಡ. ಕಾಡಿನ ಹಸಿರು ಹೆಚ್ಚಿದಂತೆ ಕಾಣುತ್ತದೆ, ಮೇವು ಕಡಿಮೆಯಾಗುತ್ತದೆ.

ಸೊಪ್ಪಿನ ಬುಟ್ಟಿಯಲ್ಲಿ ಒಂದು ಪಾಠ

ಬೆರಕೆ ಸೊಪ್ಪು ಕೀಳುವವರಿಗಿಂತ ಗಿಡ ಬಲ್ಲವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲ ಮಳೆ ಬಿದ್ದು ಎರಡು ಮೂರು ವಾರಕ್ಕೆ ದೊಡ್ಡವ್ವ ಸೆರಗು ಮಡಿಚಿಕೊಂಡು ಹೊಲಕ್ಕೆ ಇಳಿಯುತ್ತಾಳೆ. ಅಣ್ಣೆ ಸೊಪ್ಪು, ಗಣಿಕೆ, ಗೋಣಿ ಸೊಪ್ಪು, ಕನ್ನೆ ಸೊಪ್ಪು, ಕೊಮ್ಮೆ, ತಗಚೆ, ಹೊನಗೊನ್ನೆ. ಹೂ ಬಿಡುವ ತನಕ ಕಾಯುವ ಐಷಾರಾಮ ಅವಳಿಗಿಲ್ಲ, ಎಳೆಯದರಲ್ಲೇ ಗುರುತು ಹಿಡಿಯಬೇಕು. ತಪ್ಪಿದರೆ ಸಾರು ಕಹಿ, ಇಲ್ಲವೇ ಹೊಟ್ಟೆ ಕೆಡುತ್ತದೆ.

ಒಮ್ಮೆ ನಾನೂ ಸಹಾಯಕ್ಕೆಂದು ಹೋಗಿ, ಊರ ಚರಂಡಿ ಸೇರುವ ಹೊಂಡದ ಅಂಚಿನಲ್ಲಿ ಸೊಂಪಾಗಿ ಬೆಳೆದಿದ್ದ ಹೊನಗೊನ್ನೆಯನ್ನು ಒಂದು ಮಡಿಲು ಕಿತ್ತೆ. ದೊಡ್ಡವ್ವ ಒಂದು ದಂಟು ತೆಗೆದು ಎರಡು ಬೆರಳ ನಡುವೆ ಒತ್ತಿದಳು. ಟಪ್ ಅಂತ ಒಡೆಯಿತು. "ನೋಡು, ವಳಗೆಲ್ಲ ಟೊಳ್ಳು. ಹೊನಗೊನ್ನೆ ಇಂಗಿರಲ್ಲ. ಹೂವು ನೋಡು, ಕೋಲಿನ ಮ್ಯಾಲೆ ಕುಂತದೆ." ನಿಜವೇ. ನಮ್ಮ ಹೊನಗೊನ್ನೆಯ ಬಿಳಿ ಹೂಗಂಟು ಎಲೆಯ ಬುಡಕ್ಕೇ ಅಂಟಿಕೊಂಡಿರುತ್ತದೆ, ತೊಟ್ಟೇ ಇಲ್ಲ. ಶಾಸ್ತ್ರೀಯ ಹೆಸರಿನ 'ಸೆಸಿಲಿಸ್' ಎನ್ನುವುದಕ್ಕೆ ಅರ್ಥವೇ ಅದು, ತೊಟ್ಟಿಲ್ಲದೆ ಕೂತದ್ದು. ನಾನು ಕಿತ್ತದ್ದರ ಹೂ ಒಂದು ಉದ್ದ ತೊಟ್ಟಿನ ತುದಿಯಲ್ಲಿ ಬಿಳಿ ಕಾಗದದ ಗುಂಡಿಯಂತೆ ನಿಂತಿತ್ತು. ಅದು ಅಲಿಗೇಟರ್ ವೀಡ್, ದಕ್ಷಿಣ ಅಮೆರಿಕದ ಕೊಳಚೆಪ್ರಿಯ ಸೋದರ. ಕೊಳಕು ನೀರಲ್ಲಿ ಬೆಳೆದು, ನೀರಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಮೈಯಲ್ಲಿ ತುಂಬಿಕೊಳ್ಳಬಲ್ಲದು. ತಿನ್ನುವವರಿಗೆ ಈ ವ್ಯತ್ಯಾಸ ಬರೀ ಸಸ್ಯಶಾಸ್ತ್ರವಲ್ಲ.

ಯಾರು ತಿನ್ನುತ್ತಾರೆ?

ಮೈ ನೋಡಿದ ಮೇಲೂ ಅನುಮಾನ ಉಳಿದರೆ ಗಿಡದ ನೆಂಟರಿಷ್ಟರನ್ನು ನೋಡಬೇಕು. ಬಹುಕಾಲದಿಂದ ಒಂದು ಕಡೆ ಇರುವ ಗಿಡಕ್ಕೆ ಅದನ್ನೇ ನಂಬಿದ ಹುಳಗಳಿರುತ್ತವೆ. ಎಕ್ಕದ ಬುಡದಲ್ಲಿ ಐದು ನಿಮಿಷ ಕೂತು ನೋಡಿ. ಹಳದಿ–ನೀಲಿ ಪಟ್ಟೆಯ ದೊಡ್ಡ ಮಿಡತೆ ಸಿಗುತ್ತದೆ. ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳ ಹಾಲು ಸುರಿಯುವ ಎಲೆಯನ್ನೇ ಮೇಯುತ್ತಿರುತ್ತದೆ. ಅದು ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ಎಕ್ಕದ ವಿಷವನ್ನು ತಾನೇ ತುಂಬಿಕೊಂಡು ಹಕ್ಕಿಗಳಿಗೆ ಬೇಡವಾದ ತುತ್ತಾಗುವ ವಿದ್ಯೆ ಅದಕ್ಕೆ ಗೊತ್ತು. ಇಂಥ ಒಪ್ಪಂದ ನಾಲ್ಕು ದಿನದಲ್ಲಿ ಆಗುವುದಲ್ಲ.

ಇನ್ನು ಲಂಟಾನ ನೋಡಿ. ಹೂವಿನ ಮೇಲೆ ಚಿಟ್ಟೆಗಳ ಜಾತ್ರೆಯೇ ಇರುತ್ತದೆ. ಆದ್ದರಿಂದ 'ಚಿಟ್ಟೆಗೆ ಒಳ್ಳೆಯ ಗಿಡ' ಅಂತ ಎಷ್ಟೋ ಜನ ತೋಟದಲ್ಲಿ ಬೆಳೆಸುತ್ತಾರೆ. ಆದರೆ ಚಿಟ್ಟೆ ಅಲ್ಲಿಗೆ ಬರುವುದು ಕಾಫಿ ಕುಡಿಯಲು, ಸಂಸಾರ ಹೂಡಲು ಅಲ್ಲ. ಮೊಟ್ಟೆ ಇಡುವ ಗಿಡ ಬೇರೆ. ಮಕರಂದ ಯಾರ ಮನೆಯದಾದರೂ ಆದೀತು, ಎಲೆ ಹಾಗಲ್ಲ. ಹೂ ನೋಡದೆ ಎಲೆ ಮಗುಚಿ ನೋಡಿ. ತೂತು ಬಿದ್ದಿದೆಯೇ, ಹುಳ ಇದೆಯೇ, ಹಿಕ್ಕೆ ಇದೆಯೇ. ಒರಟಾದ, ನಾಲ್ಕು ಮೂಲೆಯ ಕಾಂಡದ, ಗಬ್ಬು ವಾಸನೆಯ ಲಂಟಾನದ ಎಲೆ ಸಾಮಾನ್ಯವಾಗಿ ಇಡಿಯಾಗಿರುತ್ತದೆ. ದನವೂ ಮುಟ್ಟುವುದಿಲ್ಲ, ಮುಟ್ಟಿದರೆ ಪಿತ್ತಜನಕಾಂಗ ಕೆಟ್ಟು ನರಳುತ್ತದೆ. ಹಣ್ಣನ್ನು ಪಿಕಳಾರಗಳು ತಿಂದು ಬೇಲಿ ಬೇಲಿಗೆ ಬಿತ್ತುತ್ತವೆ.

ಶತ್ರುವಿಲ್ಲದ ಊರಿಗೆ ಬಂದದ್ದೇ ಈ ಗಿಡಗಳ ಅಬ್ಬರಕ್ಕೆ ದೊಡ್ಡ ಕಾರಣ ಎಂದು ತಿಳಿದ ಮೇಲೆ, ಶತ್ರುವನ್ನೂ ತವರಿನಿಂದ ಕರೆಸಿದ್ದುಂಟು. ಅದರಲ್ಲಿ ಮೊದಲನೆಯದು ಎಡವಟ್ಟಿನಿಂದ ಆದದ್ದು. ಕೆಂಪು ಬಣ್ಣ ತೆಗೆಯುವ ಕೊಚಿನೀಲ್ ಹುಳವೆಂದು ನಂಬಿ 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ತಂದದ್ದು ಬೇರೆಯೇ ಜಾತಿಯದ್ದಾಗಿತ್ತು. ಬಣ್ಣ ಸಿಗಲಿಲ್ಲ, ಆದರೆ ಹುಳ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ತೇಗಿತು. ಇನ್ನೊಂದು ನಮ್ಮ ಹತ್ತಿರದ್ದು. ಪಾರ್ಥೇನಿಯಂ ತಿನ್ನುವ ಮೆಕ್ಸಿಕೋದ ಒಂದು ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಗಳು ಬಲೆಯಂತೆ ತೂತಾಗಿದ್ದರೆ ಮಗುಚಿ ನೋಡಿ, ಕೆನೆ ಬಣ್ಣದ ಮೇಲೆ ಕಂದು ಗೀಟುಗಳ ಪುಟ್ಟ ಜೀರುಂಡೆ ಇರಬಹುದು. ಅಂದರೆ ಎಲೆಯ ತೂತು ನೋಡಿ ದೇಸಿ ಎನ್ನುವ ನನ್ನ ಸೂತ್ರಕ್ಕೂ ತೂತು ಇದ್ದೇ ಇದೆ.

ಪಾರ್ಥೇನಿಯಂನ ಇನ್ನೊಂದು ಹೆಸರು ಕಾಂಗ್ರೆಸ್ ಗಿಡ. ಬಿಳಿ ಹೂ ಗಾಂಧಿ ಟೋಪಿಯಂತಿದೆ ಎಂದು ಕೆಲವರು, ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಅಮೆರಿಕದ ಪಿಎಲ್-480 ಎಂಬ ಆಹಾರ ನೆರವಿನ ಯೋಜನೆಯ ಗೋಧಿಯೊಡನೆ ಬಂತೆಂದು ಹಲವರು ಹೇಳುತ್ತಾರೆ. ಆದರೆ ಪುಣೆಯಲ್ಲಿ ಈ ಗಿಡವನ್ನು ಗುರುತಿಸಿದ್ದು 1955ರಲ್ಲಿ, ಆ ಯೋಜನೆಯಡಿ ಭಾರತ ಮೊದಲ ಒಪ್ಪಂದ ಮಾಡಿಕೊಂಡದ್ದು 1956ರಲ್ಲಿ. ಗೋಧಿಯೊಡನೆ ಬೀಜ ಬಂದು ಹರಡಿರಬಹುದು, ಮೊದಲ ಬೀಜ ಅದೇ ಎನ್ನುವ ಕತೆ ಮಾತ್ರ ತಾರೀಖಿಗೆ ಹೊಂದುವುದಿಲ್ಲ. ಒಂದೊಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಗುರುತಿಸುವ ಭರದಲ್ಲಿ ಬರಿಗೈಯಲ್ಲಿ ಕೀಳಬೇಡಿ, ಚರ್ಮ ಕೆರೆದು ಕಜ್ಜಿಯಾಗುತ್ತದೆ, ಕೆಲವರಿಗೆ ಉಬ್ಬಸವೂ ಬರುತ್ತದೆ. ಎಳೆಯದರಲ್ಲಿ ಎಲೆಗಳು ನೆಲಕ್ಕೆ ಒತ್ತಿ ಚಕ್ರದಂತೆ ಹರಡಿರುತ್ತವೆ, ದವನದ ಎಲೆಯಂತೆ ಸೀಳುಸೀಳು. ಕೀಳುವುದಾದರೆ ಆಗಲೇ, ಹೂವಿಗೆ ಮುಂಚೆ, ಕೈಗೆ ಚೀಲ ಹಾಕಿಕೊಂಡು.

ಹೊರಗಿನದೆಲ್ಲ ಹಗೆಯಲ್ಲ

ಇಷ್ಟೆಲ್ಲ ಓದಿ ಕತ್ತಿ ಹಿಡಿದು ಹೊರಡಬೇಡಿ. ಹೊರಗಿನಿಂದ ಬಂದ ಗಿಡ ಮೂರು ಮೆಟ್ಟಿಲು ಹತ್ತಬೇಕು. ಮೊದಲು ನೆಟ್ಟಲ್ಲಿ ಬದುಕಬೇಕು. ಮೈಸೂರಿನ ರಸ್ತೆಗಳ ಗುಲ್‌ಮೊಹರ್ ಮಡಗಾಸ್ಕರ್‌ನದು, ನೂರಾರು ಮರಗಳಿವೆ, ಆದರೆ ಚಾಮುಂಡಿಬೆಟ್ಟದ ಕುರುಚಲನ್ನು ಅದೇನೂ ನುಂಗಿಲ್ಲ. ಎರಡನೆಯದು, ನೀರೆರೆಯುವವರಿಲ್ಲದೆ ತಾನೇ ಬೀಜ ಬಿದ್ದು ಮರಿ ಮಾಡಬೇಕು. ಬೇಲಿಯ ಸೀತಾಫಲ, ಟ್ರೈಡಾಕ್ಸ್ ಇಲ್ಲಿವೆ, ಅಕ್ಕಪಕ್ಕದವರೊಡನೆ ಹೊಂದಿಕೊಂಡಿವೆ. ಮೂರನೆಯದು, ಇದ್ದವರನ್ನು ಎತ್ತಂಗಡಿ ಮಾಡಿ ತಾನೊಂದೇ ಹಬ್ಬುವುದು. ಲಂಟಾನ, ಪಾರ್ಥೇನಿಯಂ, ಬಳ್ಳಾರಿ ಜಾಲಿ, ನೀರಿನ ಹೊಸ ಅಂತರಗಂಗೆ ಇಲ್ಲಿಯವು. ಆಕ್ರಮಣಕಾರಿ ಎಂಬ ಮಾತನ್ನು ಈ ಮೂರನೆಯ ಮೆಟ್ಟಿಲಿಗೆ ಮಾತ್ರ ಉಳಿಸಿಕೊಂಡರೆ ಜಗಳ ಕಡಿಮೆ. ಅವುಗಳಲ್ಲೂ ಎಲ್ಲವೂ ನಷ್ಟವಲ್ಲ. ಬಳ್ಳಾರಿ ಜಾಲಿಯ ಇದ್ದಿಲಿನಿಂದ ಎಷ್ಟೋ ಮನೆಯ ಒಲೆ ಉರಿದಿದೆ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ.

ಶುರು ಮಾಡುವವರಿಗೆ ನನ್ನದೊಂದೇ ಮಾತು. ಊರೆಲ್ಲ ಸುತ್ತಬೇಡಿ. ಒಂದು ಬದುವೋ, ಖಾಲಿ ಸೈಟೋ, ಕೆರೆ ಏರಿಯ ಹತ್ತು ಮಾರು ಜಾಗವೋ ಆರಿಸಿಕೊಂಡು ಅದನ್ನೇ ವರ್ಷಪೂರ್ತಿ ನೋಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ ಜೇಬಲ್ಲಿರಲಿ. ಫೋಟೋ ತೆಗೆಯುವಾಗ ಹೂ, ಎಲೆಯ ಮೇಲ್ಭಾಗ, ಎಲೆಯ ಅಡಿ, ಎಲೆ ಕಡ್ಡಿಗೆ ಸೇರುವ ಜಾಗ, ಕಾಯಿ, ಇಷ್ಟೂ ಬರಲಿ. ಬೇಸಿಗೆಯಲ್ಲಿ ಯಾವುದು ಒಣಗಿ ಸುಮ್ಮನಾಯಿತು, ಯಾವುದು ಹಸಿರಾಗೇ ಉಳಿಯಿತು ಎಂದು ಬರೆದಿಡಿ. ಮಳೆ ಬಿದ್ದ ಮೊದಲ ವಾರ ಯಾರು ಮೊದಲು ಎದ್ದರು ಎಂಬುದನ್ನೂ. ಹೆಸರು ಆಮೇಲೆ ಸಿಗುತ್ತದೆ, ಮೊದಲು ಮುಖಪರಿಚಯ ಆಗಬೇಕು.

ಕಳೆದ ದಸರೆಗೆ ನಾನು ಪೇಟೆಯಲ್ಲಿ ಬನ್ನಿ ಕೊಳ್ಳಲಿಲ್ಲ. ದೊಡ್ಡವ್ವನಿಗೆ ಮಂಡಿನೋವು, ಬರಲಾಗಲಿಲ್ಲ. ಊರ ಮಾರಿಗುಡಿಯ ಮುಂದಿನ ಮರದಿಂದ ಒಂದು ಕಡ್ಡಿ ಮುರಿಸಿ, ಒದ್ದೆ ಬಟ್ಟೆ ಸುತ್ತಿ, ಹಳೇ ಪೇಪರಿನಲ್ಲಿಟ್ಟು ತಮ್ಮನ ಕೈಲಿ ಕಳಿಸಿದ್ದಳು. ಬಿಚ್ಚಿ ದೀಪದ ಬೆಳಕಿಗೆ ಹಿಡಿದು ಮುಳ್ಳು ಎಣಿಸಿದೆ. ಗೇಣುದ್ದದ ಕಡ್ಡಿಯಲ್ಲಿ ಏಳು. ಒಂದೂ ಗೆಣ್ಣಿನ ಮೇಲಿರಲಿಲ್ಲ.